‘ಹರ್ಡಲ್’ ಎಂಬ ಶಬ್ದದ ವಿಚಾರ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವವರೆಲ್ಲರೂ ಪತ್ರಿಕೆ ಓದುವುದಕ್ಕೇ ಬರುವವರಲ್ಲವೆಂಬುದು ವಾಚಕರಿಗೆ ತಿಳಿದೇ ಇದೆ. ಕೆಲವರು ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಫ್ಯಾನಿನ ಕೆಳಗೆ ಕಾಲುಗಂಟೆ ಕುಳಿತು ಹೋಗುತ್ತಾರೆ. ಇನ್ನು ಕೆಲವರು ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು, ‘ಇದಕ್ಕೊಂದು ಇಂಗ್ಲಿಷಿನಲ್ಲಿ ಉತ್ತರ ಬರೆದು ಕೊಡಿ’ ಎನ್ನುತ್ತಾರೆ. ಅಂಥ ಕಾಗದಗಳನ್ನು ಬರೆದು ಕೊಡುವ ಕೆಲಸ ಕೆಲವು ವರ್ಷಗಳಿಂದ ನಮ್ಮ ಪಾಲಿಗೆ ಬಂದಿದೆ. ನಾವು ಕಲಿತದ್ದು ಮೆಟ್ರಿಕ್ಯುಲೇಶನ್ ತನಕ. ಮೇಲೆ ಏನಾದರೂ ಬಂದಿದ್ದರೆ ಅದು ಗಿರಣಿಯ ಆಫೀಸಿನಲ್ಲಿ ಪತ್ರಗಳ ನಕಲು ತೆಗೆಯುತ್ತ ಬಂದದ್ದು. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ಲೇಖನ ನಮ್ಮದೇ ಒಂದು ತಪ್ಪಿನಿಂದ ಹುಟ್ಟಿದ್ದು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಕುರ್ಲಾ ಮತ್ತು ವಡಾಲದ ನಡುವೆ ಹಳಿಗಳ ಮೇಲೆ ನೀರು ನಿಂತು ಹಾರ್ಬರ್ ಲೈನಿನ ಗಾಡಿಗಳು ನಿಂತುಬಿಟ್ಟವು. ಇದೇನೂ ಹೊಸ ಸಂಗತಿಯಲ್ಲ. ಗೋದಾಮೊಂದರಲ್ಲಿ ಕೆಲಸ ಮಾಡುವ ನಮ್ಮ ಸದಸ್ಯರೊಬ್ಬರು ಆ ದಿನ ಹಳಿಯ ಪಕ್ಕದಲ್ಲಿ ನಡೆದು, ಬಸ್ಸು ಹಿಡಿದು, ಮತ್ತೆ ನಡೆದು ಎರಡೂವರೆ ಗಂಟೆ ತಡವಾಗಿ ಹಾಜರಾದರು. ಮರುದಿನ ಅವರಿಗೆ ಮೆಮೋ ಬಂತು. ಉತ್ತರವನ್ನು ನಾವೇ ಬರೆದೆವು. ‘ದಾರಿಯಲ್ಲಿ ಅನೇಕ ಅಡಚಣೆಗಳು ಬಂದದ್ದರಿಂದ’ ಎಂದು ಅವರು ಕನ್ನಡದಲ್ಲಿ ಹೇಳಿದರು. ಆ ವಾರ ಇಂಗ್ಲಿಷ್ ಪತ್ರಿಕೆಯಲ್ಲಿ ನಾಲ್ಕು ಸಲ ಕಂಡ ಶಬ್ದವೊಂದು ನಮ್ಮ ತಲೆಯಲ್ಲಿತ್ತು. ಬಹಳ ಠೀವಿಯಿಂದ ‘ಡ್ಯೂ ಟು ಮೆನಿ ಹರ್ಡಲ್ಸ್ ಆನ್ ದಿ ವೇ’ ಎಂದು ಬರೆದು ಕೊಟ್ಟೆವು.

ಸಾಹೇಬರು ಕಾಗದ ಓದಿ ನಕ್ಕರಂತೆ. ‘ಹರ್ಡಲ್ ಎಂದರೆ ಹಾರಿ ದಾಟುವಂಥದ್ದು. ಉಳಿದವರು ದಾಟಿ ಬಂದಿದ್ದಾರಲ್ಲ, ನೀವೇಕೆ ದಾಟಲಿಲ್ಲ?’ ಎಂದರಂತೆ. ಉಳಿದವರು ಗೋದಾಮಿನ ಪಕ್ಕದಲ್ಲೇ ವಾಸಿಸುವವರು, ಅವರು ದಾಟಬೇಕಾದದ್ದು ಏನೂ ಇರಲಿಲ್ಲ. ಅದನ್ನು ಹೇಳಲು ನಮ್ಮ ಸದಸ್ಯರಿಗೆ ಆ ಹೊತ್ತಿಗೆ ಬಾಯಿ ಬರಲಿಲ್ಲ. ಅರ್ಧ ದಿನದ ಪಗಾರ ಹೋಯಿತು. ಅವರು ನಮ್ಮ ಮೇಲೆ ಸಿಟ್ಟಾಗಲಿಲ್ಲ. ‘ಇಂಗ್ಲಿಷ್ ಸರಿಯಾಗಿತ್ತಂತೆ, ಶಬ್ದ ಮಾತ್ರ ಕೈಕೊಟ್ಟಿತಂತೆ’ ಎಂದು ನಮಗೇ ಸಮಾಧಾನ ಹೇಳಿದರು. ಆ ಸಮಾಧಾನ ನಮಗೆ ಹಿಡಿಸಲಿಲ್ಲ. ಆಮೇಲೆ ಹಲವು ಸಂಜೆ ಕಪಾಟಿನ ನಿಘಂಟುಗಳನ್ನು ತೆಗೆದು ಈ ಒಂದು ಶಬ್ದದ ಬೆನ್ನು ಹತ್ತಿದೆವು. ಕಂಡದ್ದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಸಾಹೇಬರ ಮಾತು ಕಠಿನವಾಗಿತ್ತು, ಆದರೆ ಶಬ್ದದ ಮಟ್ಟಿಗೆ ಸುಳ್ಳಾಗಿರಲಿಲ್ಲ.

ಹರ್ಡಲ್ ಎಂಬುದು ಇಂಗ್ಲಿಷಿನ ಹಳೆಯ ಮನೆಮಾತು. ಲ್ಯಾಟಿನ್ನಿನಿಂದ ಬಂದ ದೊಡ್ಡ ಶಬ್ದಗಳ ಗುಂಪಿಗೆ ಸೇರಿದ್ದಲ್ಲ, ರೈತರ ಬಾಯಿಂದ ಬಂದದ್ದು. ಬಳುಕುವ ಕಡ್ಡಿಗಳನ್ನು ಗೂಟಗಳ ನಡುವೆ ಹೆಣೆದು ಮಾಡಿದ ಚೌಕಟ್ಟಿಗೆ ಅಲ್ಲಿಯ ಹಳ್ಳಿಗರು ಹರ್ಡಲ್ ಎನ್ನುತ್ತಿದ್ದರು. ನಮ್ಮ ಕಡೆ ಬಿದಿರಿನ ಸೀಳಿನಿಂದಲೋ ತೊಗರಿಕಟ್ಟಿಗೆಯಿಂದಲೋ ಹೆಣೆಯುವ ತಡಿಕೆಯೇ ಅದು. ಅಂಥ ನಾಲ್ಕಾರು ತಡಿಕೆಗಳನ್ನು ಹೊಲದಲ್ಲಿ ಸುತ್ತ ನಿಲ್ಲಿಸಿದರೆ ಕುರಿಗಳಿಗೆ ಒಂದು ರಾತ್ರಿಯ ದೊಡ್ಡಿ. ಮರುದಿನ ಕಿತ್ತು ಮುಂದಿನ ತುಂಡಿನಲ್ಲಿ ನಿಲ್ಲಿಸುವುದು. ಹೀಗೆ ಹೊಲವೆಲ್ಲ ಕುರಿಗೊಬ್ಬರ ಕಾಣುತ್ತಿತ್ತು.

ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಬಂದ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿಯಾದ ಮೇಲೆ ಕುರುಬರು ಮಂದೆಯೊಂದಿಗೆ ಬಂದು ಹೊಲದಲ್ಲಿ ಕುರಿ ತರುಬುವುದು, ಹೊಲದೊಡೆಯ ಅದಕ್ಕೆ ಕಾಳನ್ನೋ ರೊಕ್ಕವನ್ನೋ ಕೊಡುವುದು ಅವರು ಚಿಕ್ಕಂದಿನಿಂದ ನೋಡಿದ ವ್ಯವಹಾರ. ತರುಬು ಎಂಬ ನಮ್ಮ ಮಾತಿಗೂ ತಡೆ, ಅಡ್ಡಗಟ್ಟು ಎಂಬುದೇ ಅರ್ಥ. ದಾರಿಯಲ್ಲಿ ಯಾರಾದರೂ ಅಡ್ಡ ನಿಂತು ಮಾತಾಡಿಸಿದರೆ ‘ತರುಬಿ ನಿಲ್ಲಿಸಿದ’ ಎನ್ನುತ್ತೇವೆ. ಇಂಗ್ಲೆಂಡಿನ ಕುರಿಗಾಹಿಯೂ ನಮ್ಮ ಕುರುಬನೂ ಒಬ್ಬರನ್ನೊಬ್ಬರು ಕಂಡವರಲ್ಲ, ಆದರೂ ಕುರಿಯನ್ನು ನಿಲ್ಲಿಸುವ ಮಾತಿನಿಂದಲೇ ಬಾಳಿನ ಅಡ್ಡಿಯ ಮಾತನ್ನೂ ಮಾಡಿಕೊಂಡಿದ್ದಾರೆ. ಈಗ ನಮ್ಮ ಕಡೆಯೂ ತಡಿಕೆಯ ಜಾಗಕ್ಕೆ ನೈಲಾನ್ ಬಲೆ ಬಂದಿದೆಯೆಂದು ಊರಿಗೆ ಹೋಗಿ ಬಂದವರು ಹೇಳುತ್ತಾರೆ.

ಇದೇ ಶಬ್ದಕ್ಕೆ ಕರಾಳವಾದ ಇನ್ನೊಂದು ಬಳಕೆಯೂ ಇತ್ತು. ಇಂಗ್ಲೆಂಡಿನಲ್ಲಿ ರಾಜದ್ರೋಹದ ಅಪರಾಧಿಯನ್ನು ಇಂಥದೇ ತಡಿಕೆಗೆ ಕಟ್ಟಿ, ಕುದುರೆಯಿಂದ ಎಳೆಸಿ, ವಧಾಸ್ಥಾನಕ್ಕೆ ಒಯ್ಯುತ್ತಿದ್ದರು. ಆ ಶಿಕ್ಷೆಯನ್ನು ೧೮೭೦ರಲ್ಲಿ ಕಾಯಿದೆಯಿಂದ ತೆಗೆದರು. ಆ ಅರ್ಥವೂ ಅದರೊಂದಿಗೇ ಸತ್ತಿತು. ಅರ್ಜಿ ಬರೆಯುವವರು ಅದಕ್ಕೆ ಹೆದರಬೇಕಾಗಿಲ್ಲ.

ಹೊಲದ ತಡಿಕೆ ಆಟದ ಬಯಲಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಲ್ಲಿಯ ಶಾಲಾ ಕಾಲೇಜುಗಳ ಹುಡುಗರು ಕುರಿಯ ತಡಿಕೆಗಳನ್ನು ಸಾಲಾಗಿ ನಿಲ್ಲಿಸಿ ಓಡುತ್ತ ಹಾರತೊಡಗಿದರು. ೧೮೯೬ರಲ್ಲಿ ಅಥೆನ್ಸಿನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದಾಗಲೇ ೧೧೦ ಮೀಟರ್ ಹರ್ಡಲ್ಸ್ ಓಟ ಅದರಲ್ಲಿತ್ತು. ಇಂದಿಗೂ ಅದರ ಅಳತೆಗಳು ಹಳೆಯ ಗಜದ ಲೆಕ್ಕದವೇ. ಗಂಡಸರ ೧೧೦ ಮೀಟರ್ ಓಟದಲ್ಲಿ ಹರ್ಡಲಿನ ಎತ್ತರ ೧೦೬.೭ ಸೆಂಟಿಮೀಟರ್, ಅಂದರೆ ಮೂರೂವರೆ ಅಡಿ. ಎರಡರ ನಡುವಿನ ಅಂತರ ೯.೧೪ ಮೀಟರ್, ಅಂದರೆ ಹತ್ತು ಗಜ. ಒಟ್ಟು ಹತ್ತು ಹರ್ಡಲುಗಳು. ಒಂದನ್ನು ದಾಟಿ ಮೂರು ಹೆಜ್ಜೆ, ಕೂಡಲೇ ಇನ್ನೊಂದು. ಎಲ್ಲಿ ಯಾವ ಹರ್ಡಲ್ ಬರುತ್ತದೆಂದು ಓಟಗಾರನಿಗೆ ಓಟಕ್ಕೆ ಮೊದಲೇ ಗೊತ್ತಿರುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಹರ್ಡಲ್ ಮೋಸದಿಂದ ಎದುರಾಗುವಂಥದ್ದಲ್ಲ. ಗೊತ್ತಿದ್ದು, ಎಣಿಸಿ, ಅಭ್ಯಾಸ ಮಾಡಿಕೊಂಡು ದಾಟುವಂಥದ್ದು.

ಇದಕ್ಕಿಂತ ನಮಗೆ ಆಶ್ಚರ್ಯವೆನಿಸಿದ ಸಂಗತಿ ಇನ್ನೊಂದಿದೆ. ಹರ್ಡಲ್ ಕಾಲಿಗೆ ತಗಲಿ ಬಿದ್ದರೆ ಓಟಗಾರ ಸೋತಂತೆ ಎಂದು ನಾವು ತಿಳಿದಿದ್ದೆವು. ಹಾಗಲ್ಲ. ಹಿಂದೆ ಮೂರು ಹರ್ಡಲ್ ಕೆಡವಿದವನನ್ನು ಹೊರಗೆ ಹಾಕುತ್ತಿದ್ದರು. ೧೯೩೦ರ ದಶಕದಲ್ಲಿ ಆ ನಿಯಮವನ್ನು ತೆಗೆದು, ಹರ್ಡಲಿನ ಆಕಾರವನ್ನೇ ಬದಲಿಸಿದರು. ಅದರ ಕಾಲುಗಳು ಓಟಗಾರ ಬರುವ ದಿಕ್ಕಿಗೆ ಮುಖ ಮಾಡಿರುತ್ತವೆ, ಆ ಕಡೆ ಭಾರ ಕಟ್ಟಿರುತ್ತದೆ. ಕಾಲು ತಗಲಿದರೆ ಹಲಗೆ ಮುಂದಕ್ಕೆ ಮಗುಚುತ್ತದೆಯೇ ಹೊರತು ಓಟಗಾರನನ್ನು ಎತ್ತಿ ಹಾಕುವುದಿಲ್ಲ. ಮಗುಚಲು ಬೇಕಾದ ಒತ್ತು ಎಷ್ಟಿರಬೇಕೆಂಬುದಕ್ಕೂ ಲೆಕ್ಕವಿದೆ: ೩.೬ ಕಿಲೋದಿಂದ ೪ ಕಿಲೋದಷ್ಟು. ಹಾರುವ ಪ್ರಯತ್ನವನ್ನೇ ಮಾಡದೆ ಕೈಯಿಂದ ತಳ್ಳಿದರೆ ತಪ್ಪು. ಪಕ್ಕದಿಂದ, ಹಲಗೆಯ ಮಟ್ಟಕ್ಕಿಂತ ಕೆಳಗೆ ಕಾಲು ಹಾಯಿಸಿದರೂ ತಪ್ಪು. ಹಾರುವಾಗ ತಗಲಿ ಬಿದ್ದರೆ ತಪ್ಪಿಲ್ಲ; ಸ್ವಲ್ಪ ವೇಗ ಕಡಿಮೆಯಾಗುತ್ತದೆ, ಅಷ್ಟೇ.

ನಮ್ಮ ದೇಶದವರಲ್ಲಿ ಈ ಓಟದ ಮಾತು ಬಂದಾಗ ೧೯೬೪ರ ಟೋಕಿಯೋ ಒಲಿಂಪಿಕ್ಸಿನಲ್ಲಿ ೧೧೦ ಮೀಟರ್ ಹರ್ಡಲ್ಸಿನ ಐದನೆಯ ಸ್ಥಾನ ಪಡೆದ ಗುರುಬಚನ್ ಸಿಂಗ್ ರಾಂಧಾವಾ ಅವರನ್ನು ನೆನೆಯುವವರು ಕಡಿಮೆ. ಪಿ. ಟಿ. ಉಷಾ ಅವರನ್ನು ಅರಿಯದವರಿಲ್ಲ. ಕೋಳಿಕ್ಕೋಡು ಜಿಲ್ಲೆಯ ಪಯ್ಯೋಳಿಯ ಉಷಾ ೧೯೮೪ರ ಆಗಸ್ಟ್ ೮ರಂದು ಲಾಸ್ ಏಂಜಲಿಸಿನಲ್ಲಿ ೪೦೦ ಮೀಟರ್ ಹರ್ಡಲ್ಸಿನ ಅಂತಿಮ ಓಟ ಓಡಿದರು. ಹೆಂಗಸರಿಗೆ ಒಲಿಂಪಿಕ್ಸಿನಲ್ಲಿ ಆ ಓಟ ಸೇರಿದ್ದು ಅದೇ ವರ್ಷ. ಹರ್ಡಲಿನ ಎತ್ತರ ೭೬.೨ ಸೆಂಟಿಮೀಟರ್. ಮೊರಾಕ್ಕೋ ದೇಶದ ನವಾಲ್ ಎಲ್ ಮೌತವಕಿಲ್ ಗೆದ್ದರು. ಮೂರನೆಯವರಾದ ರುಮಾನಿಯಾದ ಕ್ರಿಸ್ಟಿಯಾನಾ ಕೊಜೊಕಾರು ತೆಗೆದುಕೊಂಡ ಕಾಲ ೫೫.೪೧ ಸೆಕೆಂಡು, ಉಷಾ ತೆಗೆದುಕೊಂಡದ್ದು ೫೫.೪೨. ಸೆಕೆಂಡಿನ ನೂರರಲ್ಲೊಂದು ಪಾಲಿಗೆ ಪದಕ ಹೋಯಿತು. ಉಷಾ ಹತ್ತು ಹರ್ಡಲುಗಳನ್ನೂ ದಾಟಿದ್ದರು. ಪದಕ ಕೈತಪ್ಪಿದ್ದು ಕೊನೆಯ ಗೆರೆಯ ಹತ್ತಿರ, ಎದೆಯನ್ನು ಮುಂದಕ್ಕೆ ಬಾಗಿಸುವಷ್ಟು ಹೊತ್ತಿನಲ್ಲಿ, ಅಡ್ಡಿಯೇ ಇಲ್ಲದ ನೆಲದ ಮೇಲೆ. ಆ ೫೫.೪೨ರ ಭಾರತೀಯ ದಾಖಲೆಯನ್ನು ಸರಿಗಟ್ಟಲು ೨೦೨೩ರ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ವಿದ್ಯಾ ರಾಮರಾಜ್ ಬರಬೇಕಾಯಿತು. ನಡುವೆ ೩೯ ವರ್ಷ.

ಇಷ್ಟು ತಿಳಿದ ಮೇಲೆ ಹರ್ಡಲಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆ ಬರುತ್ತದೆ. ನಮ್ಮಲ್ಲಿ ಅಡ್ಡಿ, ಅಡಚಣೆ, ತಡೆ, ತೊಡಕು, ಎಡರು, ತೊಡರು, ವಿಘ್ನ ಎಂದು ಶಬ್ದಗಳಿಗೆ ಬರವಿಲ್ಲ. ಆದರೆ ‘ದಾಟಲೆಂದೇ ಇರುವ ಅಡ್ಡಿ’ ಎಂಬ ಭಾವ ಇವುಗಳಲ್ಲಿ ಯಾವುದಕ್ಕೂ ಇಲ್ಲ. ವಿಘ್ನ ಎಂಬ ಸಂಸ್ಕೃತ ಶಬ್ದದ ಧಾತುವೇ ಹೊಡೆಯುವುದು, ಮುರಿಯುವುದು ಎಂಬ ಅರ್ಥದ್ದು. ವಿಘ್ನ ಬಂದರೆ ಹಿಡಿದ ಕೆಲಸವೇ ಮುರಿಯುತ್ತದೆ. ಆದುದರಿಂದಲೇ ಅದನ್ನು ನಾವು ಹಾರಲು ಹೋಗದೆ ವಿಘ್ನೇಶ್ವರನಿಗೆ ಒಪ್ಪಿಸಿ ಕೈಮುಗಿಯುತ್ತೇವೆ. ಭಾದ್ರಪದದಲ್ಲಿ ವಡಾಲದ ಮತ್ತು ಕಿಂಗ್ಸ್ ಸರ್ಕಲ್ಲಿನ ಗಣಪತಿಗಳ ಮುಂದೆ ತಾಸುಗಟ್ಟಲೆ ಸಾಲು ನಿಲ್ಲುವವರು ಹರ್ಡಲಿನ ನಿವಾರಣೆಗಾಗಿ ನಿಲ್ಲುವುದಿಲ್ಲ.

ಹಾಗಾದರೆ ಹರ್ಡಲಿಗೆ ಸಮೀಪದ್ದು ಯಾವುದು? ನಮ್ಮ ಮಟ್ಟಿಗೆ ಅದು ತಡಬೆ. ಮಲೆನಾಡಿನವರು ತೋಟದ ಬೇಲಿಯಲ್ಲಿ ಜನ ಹತ್ತಿ ಇಳಿಯಲು ಮಾಡಿದ ಕಂಡಿಗೆ ತಡಬೆ ಎನ್ನುತ್ತಾರೆ, ತುಳುನಾಡಿನವರು ತಡಮೆ ಎನ್ನುತ್ತಾರೆ. ದನ ಅಲ್ಲಿ ನಿಲ್ಲುತ್ತದೆ. ಮನುಷ್ಯ ಕಾಲೆತ್ತಿ ದಾಟುತ್ತಾನೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರೂ ದಾಟುತ್ತಾರೆ. ಬೇಲಿಯೂ ಉಳಿಯಿತು, ದಾರಿಯೂ ಉಳಿಯಿತು. ಇಂಗ್ಲಿಷಿನವರು ಹರ್ಡಲ್ ಎಂದಾಗ ಅವರ ಮನಸ್ಸಿನಲ್ಲಿರುವುದು ಹೆಚ್ಚುಕಡಿಮೆ ಇದೇ: ನಿಲ್ಲಿಸುತ್ತದೆ, ಆದರೆ ಕಾಲೆತ್ತುವವನನ್ನು ಬಿಡುತ್ತದೆ.

ಈಗ ನಮ್ಮ ತಪ್ಪು ಎಲ್ಲಿತ್ತೆಂದು ಕಾಣುತ್ತದೆ. ಹಳಿಯ ಮೇಲೆ ಸೊಂಟದ ಮಟ್ಟ ನಿಂತ ನೀರು ತಡಬೆಯಲ್ಲ. ಒಬ್ಬ ಮನುಷ್ಯ ಅಭ್ಯಾಸ ಮಾಡಿ ದಾಟಬಹುದಾದದ್ದೂ ಅಲ್ಲ. ಅದನ್ನು ಹರ್ಡಲ್ ಎಂದು ನಾವೇ ಕರೆದು, ‘ದಾಟಬಹುದಾಗಿತ್ತು’ ಎಂದು ನಾವೇ ಒಪ್ಪಿಕೊಂಡ ಹಾಗಾಯಿತು. ಸಾಹೇಬರು ನಮ್ಮ ಮಾತನ್ನೇ ಹಿಡಿದರು.

ಹರ್ಡಲ್ ಸರಿಯಾಗಿ ಕೂರುವ ಸ್ಥಳಗಳೂ ಇವೆ. ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ, ಪರವಾನಗಿ, ಬ್ಯಾಂಕಿನ ಕಾಗದಪತ್ರ ಇವೆಲ್ಲ ಹರ್ಡಲುಗಳೇ, ಏಕೆಂದರೆ ಒಂದಾದ ಮೇಲೊಂದು ಬರುತ್ತವೆ, ದಾಟಿದವರಿದ್ದಾರೆ, ದಾಟಲು ದಾರಿಯಿದೆ. ‘ಐ ಹ್ಯಾವ್ ಕ್ಲಿಯರ್ಡ್ ದಿ ಫಸ್ಟ್ ಹರ್ಡಲ್’ ಎಂದರೆ ಲಿಖಿತ ಪರೀಕ್ಷೆ ಆಯಿತು, ಮುಂದೆ ಇನ್ನೂ ಇದೆ ಎಂದಂತಾಯಿತು. ಕ್ಲಿಯರ್, ಕ್ರಾಸ್, ಓವರ್‌ಕಮ್ ಎಂಬ ಕ್ರಿಯಾಪದಗಳು ಇದರ ಜತೆಗೆ ಹೊಂದುತ್ತವೆ. ಕನ್ನಡದಲ್ಲಿ ಅಡ್ಡಿ ‘ಬರುತ್ತದೆ’ ಎಂದು ‘ಹರ್ಡಲ್ ಕೇಮ್ ಟು ಮಿ’ ಎಂದು ಬರೆಯಬಾರದು. ಹರ್ಡಲ್ ನಿಂತಲ್ಲೇ ನಿಂತಿರುತ್ತದೆ. ನಾವು ಅದರತ್ತ ಹೋಗುವವರು. ‘ಐ ಫೇಸ್ಡ್ ಎ ಹರ್ಡಲ್’ ಎನ್ನಬಹುದು. ಬ್ಯಾಂಕು, ಕಂಪೆನಿಗಳ ಲೆಕ್ಕದ ಖಾತೆಯಲ್ಲಿರುವ ಸದಸ್ಯರಿಗೆ ‘ಹರ್ಡಲ್ ರೇಟ್’ ಎಂಬ ಮಾತು ಕಂಡಿರಬಹುದು. ಒಂದು ಯೋಜನೆಗೆ ಹಣ ಹಾಕಬೇಕಾದರೆ ಕಡಿಮೆಯೆಂದರೆ ಶೇಕಡಾ ಇಷ್ಟು ಲಾಭವಾದರೂ ಬರಬೇಕೆಂದು ಮೊದಲೇ ಗೊತ್ತುಮಾಡಿದ ದರ ಅದು. ಅದನ್ನು ಹಾರಿದ ಯೋಜನೆಗೆ ಹಣ, ಹಾರದಿದ್ದರೆ ಇಲ್ಲ. ಇಲ್ಲಿಯೂ ಅದೇ ತಡಬೆ.

ಕಾಗುಣಿತದ ವಿಷಯ ಒಂದು ಮಾತು. ಎಚ್, ಯು, ಆರ್, ಡಿ, ಎಲ್, ಇ. ಇದರಲ್ಲಿ ಡಿ ಇದ್ದ ಜಾಗದಲ್ಲಿ ಟಿ ಬಿದ್ದರೆ ‘ಹರ್ಟಲ್’ ಆಗುತ್ತದೆ, ರಭಸದಿಂದ ನುಗ್ಗು ಎಂದರ್ಥ. ಆರ್ ಹೋಗಿ ಎರಡು ಡಿ ಬಂದರೆ ‘ಹಡಲ್’, ಒತ್ತೊತ್ತಾಗಿ ಗುಂಪುಗೂಡು ಎಂದರ್ಥ. ಬೆಳಗಿನ ಎಂಟೂವರೆಯ ಗಾಡಿಯಲ್ಲಿ ನಾವು ಮಾಡುವುದು ಇವೆರಡನ್ನೇ.

ಇನ್ನು ಹರ್ಡಲಿನ ನೆರೆಯ ಶಬ್ದಗಳು. ವಡಾಲದವರಿಗೆ ನಿತ್ಯ ಕಿವಿಗೆ ಬೀಳುವುದು ‘ಬ್ಲಾಕ್’. ಭಾನುವಾರದ ಮೆಗಾ ಬ್ಲಾಕ್ ಯಾರ ಯಾರ ಮದುವೆ ಮುಂಜಿಗಳನ್ನು ಕೆಡಿಸಿದೆಯೋ ಲೆಕ್ಕವಿಲ್ಲ. ೧೯೨೫ರ ಫೆಬ್ರವರಿ ೩ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು ಈ ಹಾರ್ಬರ್ ಲೈನಿನಲ್ಲೇ. ನಮ್ಮ ವಡಾಲ ರೋಡ್ ನಿಲ್ದಾಣದ ಬಳಿ ಲೈನು ಎರಡಾಗುತ್ತದೆ, ಒಂದು ಕುರ್ಲಾ ವಾಶಿಯ ಕಡೆ, ಇನ್ನೊಂದು ಮಾಹಿಮ್ ಬಾಂದ್ರಾದ ಕಡೆ. ಆದ್ದರಿಂದ ಇಲ್ಲಿ ಬ್ಲಾಕ್ ಎಂದರೆ ಎರಡು ಕಡೆಯವರಿಗೂ ಪೀಡೆ. ಆದರೆ ರೈಲ್ವೆಯ ಮಾತಿನಲ್ಲಿ ಬ್ಲಾಕ್ ಎಂಬುದು ಅಡ್ಡಿಯ ಹೆಸರಲ್ಲ, ರಕ್ಷಣೆಯ ಹೆಸರು. ಹಳಿಯ ಒಂದು ಭಾಗವನ್ನು ಇಷ್ಟು ಹೊತ್ತು ಗಾಡಿಗಳಿಗೆ ಮುಚ್ಚಿ ದುರಸ್ತಿಯ ಕೆಲಸಗಾರರ ಕೈಗೆ ಕೊಡುವುದು ಒಂದು ಬ್ಲಾಕ್. ಗಾಡಿಗಳ ಓಡಾಟದ ಲೆಕ್ಕದಲ್ಲಿ ಹಳಿಯನ್ನು ಭಾಗ ಮಾಡಿ, ಒಂದು ಭಾಗದಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿಯನ್ನು ಬಿಡುವುದು ಇನ್ನೊಂದು ಬ್ಲಾಕ್. ಅದಿಲ್ಲದಿದ್ದರೆ ಹಿಂದಿನ ಗಾಡಿ ಮುಂದಿನದರ ಬೆನ್ನಿಗೆ ಬರುತ್ತಿತ್ತು. ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿ ದುಡಿಯುವ ಸದಸ್ಯರು ‘ಬ್ಲಾಕ್ ಸಿಕ್ಕಿತು’ ಎಂದು ಹೇಳುವುದನ್ನು ಕೇಳಿದ್ದೇವೆ. ನಮಗೆ ಶಾಪವಾದದ್ದು ಅವರಿಗೆ ಸಿಗಬೇಕಾದ ವಸ್ತು.

‘ಬ್ಯಾರಿಯರ್’ ಎಂದರೆ ಅಡ್ಡಗಟ್ಟಿದ ತೊಲೆ. ದಾಟಲೆಂದಲ್ಲ, ದಾಟಬಾರದೆಂದೇ ಇಟ್ಟದ್ದು. ಭಾಷೆ ಬಾರದೆ ಆಗುವ ತೊಂದರೆಗೆ ‘ಲ್ಯಾಂಗ್ವೇಜ್ ಬ್ಯಾರಿಯರ್’ ಎನ್ನುವುದು ರೂಢಿ, ‘ಲ್ಯಾಂಗ್ವೇಜ್ ಹರ್ಡಲ್’ ಎನ್ನುವುದಿಲ್ಲ. ಹರ್ಡಲ್ ಎಂದಿದ್ದರೇ ಚೆನ್ನಾಗಿತ್ತೆಂದು ನಮ್ಮ ಅಭಿಪ್ರಾಯ. ಈ ಊರಿಗೆ ಬಂದಾಗ ಮರಾಠಿ ಹಿಂದಿ ಒಂದಕ್ಷರ ತಿಳಿಯದಿದ್ದವರು ಎರಡು ವರ್ಷದಲ್ಲಿ ತರಕಾರಿಯವಳೊಡನೆ ಚೌಕಾಶಿ ಮಾಡುವುದನ್ನು ನೋಡಿದ್ದೇವೆ. ಆದರೆ ಪರಭಾಷೆಯ ರೂಢಿಯನ್ನು ನಾವು ತಿದ್ದಲು ಬಾರದು. ‘ಆಬ್ಸ್ಟಕಲ್’ ಎಲ್ಲಕ್ಕೂ ಸಲ್ಲುವ ಸಾಮಾನ್ಯ ಶಬ್ದ, ಎದುರು ನಿಂತದ್ದು ಎಂದು ಮೂಲಾರ್ಥ. ಸಂಶಯ ಬಂದಾಗ ಇದನ್ನು ಬಳಸಿದರೆ ಕೆಡಕಿಲ್ಲ. ‘ಇಂಪೆಡಿಮೆಂಟ್’ ಎಂಬುದರ ಒಳಗೆ ಲ್ಯಾಟಿನ್ನಿನ ಕಾಲು ಇದೆ. ನಮ್ಮ ಕಾಲ್ತೊಡಕೇ ಸರಿ. ಮಾತು ತೊದಲುವುದಕ್ಕೆ ಹೆಚ್ಚಾಗಿ ಈ ಶಬ್ದ. ‘ಬಾಟಲ್‌ನೆಕ್’ ಎಂದರೆ ಸೀಸೆಯ ಕುತ್ತಿಗೆ, ಅಗಲವಾಗಿ ಬಂದದ್ದು ಇಕ್ಕಟ್ಟಿನಲ್ಲಿ ಸಿಕ್ಕುವುದು. ೨೦೧೭ರ ಸೆಪ್ಟೆಂಬರ್ ೨೯ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯ ಮೇಲೆ ಮಳೆಗೆ ನಿಂತ ಜನ ನೂಕುನುಗ್ಗಲಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ಈ ಶಬ್ದವನ್ನು ಮುಂಬಯಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

‘ಆಬ್ಸ್ಟ್ರಕ್ಷನ್’ ಎಂಬ ಶಬ್ದದ ವಿಷಯದಲ್ಲಿ ಮಾತ್ರ ವಾಚಕರು ಬಹಳ ಎಚ್ಚರದಿಂದಿರಬೇಕು. ಇದು ಕಾಯಿದೆಯ ಶಬ್ದ. ಹಿಂದಿನ ದಂಡ ಸಂಹಿತೆಯ ಜಾಗದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೨೧ನೆಯ ಕಲಮಿನಂತೆ ಸರಕಾರಿ ನೌಕರನ ಕರ್ತವ್ಯಕ್ಕೆ ಬೇಕೆಂದು ಅಡ್ಡಿಪಡಿಸುವುದು ಅಪರಾಧ. ಮೂರು ತಿಂಗಳವರೆಗೆ ಸೆರೆ, ಇಲ್ಲವೆ ೨,೫೦೦ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಸಾರ್ವಜನಿಕ ದಾರಿಗೆ ಅಡ್ಡಿಮಾಡುವುದಕ್ಕೆ ೨೮೫ನೆಯ ಕಲಮು ಬೇರೆ ಇದೆ. ಫುಟ್‌ಪಾತಿನ ಮೇಲೆ ಬುಟ್ಟಿ ಇಡುವ ನಮ್ಮವರಿಗೆ ಬರುವ ನೋಟೀಸುಗಳಲ್ಲಿ ಕಾಣುವುದು ಈ ಆಬ್ಸ್ಟ್ರಕ್ಷನ್ನೇ.

ಎಚ್ಚರವೇಕೆಂದರೆ, ನಮ್ಮ ಕನ್ನಡದ ವಾಕ್ಯ ಇಲ್ಲಿ ಕಾಲು ಜಾರಿಸುತ್ತದೆ. ‘ನನಗೆ ಅಡ್ಡಿಯಾಯಿತು’ ಎನ್ನುತ್ತೇವೆ. ಯಾರು ಅಡ್ಡಿ ಮಾಡಿದರೆಂದು ಹೇಳುವ ಗರಜು ಕನ್ನಡಕ್ಕಿಲ್ಲ. ಹಸಿವೆಯಾಯಿತು, ಚಳಿಯಾಯಿತು ಎಂಬಂತೆ ಅಡ್ಡಿಯೂ ಆಯಿತು, ತೀರಿತು. ಇಂಗ್ಲಿಷಿನಲ್ಲಿ ಈ ಜಾಣತನ ನಡೆಯದು. ಮಾಡಿದವನು ಯಾರು, ಸಹಿಸಿದವನು ಯಾರು ಎಂದು ಅದು ಕೇಳುತ್ತದೆ. ಅವಸರದಲ್ಲಿ ‘ನನಗೆ’ ಎಂಬುದನ್ನು ‘ಐ’ ಎಂದು ಬದಲಿಸಿ ‘ಐ ಆಬ್ಸ್ಟ್ರಕ್ಟೆಡ್’ ಎಂದು ಬರೆದರೆ, ಅಡ್ಡಿ ಅನುಭವಿಸಿದವನೇ ಅಡ್ಡಿ ಮಾಡಿದವನಾಗಿಬಿಡುತ್ತಾನೆ, ಅದೂ ತನ್ನದೇ ಸಹಿಯ ಮೇಲೆ. ಬರೆಯಬೇಕಾದದ್ದು ‘ಐ ವಾಸ್ ಆಬ್ಸ್ಟ್ರಕ್ಟೆಡ್’. ನಡುವಿನ ಆ ‘ವಾಸ್’ ಎಂಬ ಮೂರಕ್ಷರ ಬಿಟ್ಟುಹೋದ ಕರಡುಗಳನ್ನು ನಾವು ಈ ಮೇಜಿನ ಮೇಲೆ ಕಂಡಿದ್ದೇವೆ. ಪುಣ್ಯಕ್ಕೆ ಅವು ಸಹಿಯಾಗುವ ಮೊದಲೇ ಕಂಡವು.

ಗಲ್ಫಿಗೆ ಹೋಗುವ ತಯಾರಿಯಲ್ಲಿರುವವರು ತಮ್ಮ ಪಾಸ್‌ಪೋರ್ಟಿನ ಮೊದಲ ಪುಟವನ್ನು ಓದಿ ನೋಡಬೇಕು. ಈ ಪ್ರಜೆಯನ್ನು ‘ವಿಥೌಟ್ ಲೆಟ್ ಆರ್ ಹಿಂಡ್ರನ್ಸ್’ ಹೋಗಗೊಡಿ ಎಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಅಲ್ಲಿ ಕೋರಿಕೆಯಿದೆ. ‘ಹಿಂಡ್ರನ್ಸ್’ ಎಂದರೆ ಹಿಂದಕ್ಕೆಳೆಯುವ ತೊಂದರೆ, ಅದು ತಿಳಿಯಿತು. ‘ಲೆಟ್’ ಎಂದರೆ ಬಿಡು, ಅವಕಾಶ ಕೊಡು ಎಂದಲ್ಲವೇ? ಅವಕಾಶವಿಲ್ಲದೆ ಹೋಗಗೊಡಿ ಎಂದರೇನು? ಇದನ್ನು ಕೇಳಿದ ಹುಡುಗನೊಬ್ಬನಿಗೆ ನಮಗೆ ಆ ದಿನ ಉತ್ತರ ಹೇಳಲಾಗಲಿಲ್ಲ. ಆಮೇಲೆ ನೋಡಿದರೆ ಇಂಗ್ಲಿಷಿನಲ್ಲಿ ಹಿಂದೆ ಎರಡು ಬೇರೆ ಬೇರೆ ಶಬ್ದಗಳಿದ್ದು, ಒಂದಕ್ಕೆ ಬಿಡು ಎಂದೂ ಇನ್ನೊಂದಕ್ಕೆ ತಡೆ ಎಂದೂ ಅರ್ಥ. ಕಾಲಕ್ರಮದಲ್ಲಿ ಎರಡೂ ಸವೆದು ಒಂದೇ ರೂಪಕ್ಕೆ ಬಂದವು. ತಡೆಯ ‘ಲೆಟ್’ ಎಲ್ಲ ಕಡೆಯಿಂದ ಮಾಯವಾಗಿ, ಪಾಸ್‌ಪೋರ್ಟಿನಂಥ ಕಾಗದಗಳಲ್ಲಿಯೂ ಟೆನಿಸ್ ಆಟದಲ್ಲಿಯೂ ಉಳಿದಿದೆ. ಚೆಂಡು ಬಲೆಗೆ ತಗಲಿ ದಾಟಿದಾಗ ‘ಲೆಟ್’ ಎನ್ನುವುದು ಅದೇ. ನಮ್ಮಲ್ಲಿಯೂ ಇಂಥದಿದೆ. ಆತಂಕ ಎಂದರೆ ಈಗ ಮನಸ್ಸಿನ ಕಳವಳ. ಹಿಂದಿನವರಿಗೆ ಅದು ಅಡ್ಡಿಯೂ ಆಗಿತ್ತು. ‘ಕೆಲಸ ನಿರಾತಂಕವಾಗಿ ಸಾಗಿತು’ ಎನ್ನುವಾಗ ನಾವು ಆ ಹಳೆಯ ಅರ್ಥವನ್ನೇ ಅರಿಯದೆ ಬಳಸುತ್ತೇವೆ.

ಮತ್ತೆ ಆ ಮೆಮೋದ ಉತ್ತರಕ್ಕೆ ಬರೋಣ. ಇಷ್ಟೆಲ್ಲ ಶಬ್ದಗಳನ್ನು ಮುಂದಿಟ್ಟುಕೊಂಡು, ಆ ಕಾಗದವನ್ನು ಮತ್ತೊಮ್ಮೆ ಬರೆಯುವುದಾದರೆ ಯಾವುದನ್ನು ಹಾಕಬೇಕೆಂದು ಯೋಚಿಸಿದೆವು. ಒಂದನ್ನೂ ಹಾಕಬೇಕಾಗಿರಲಿಲ್ಲ. ಹಾರ್ಬರ್ ಲೈನಿನ ಗಾಡಿಗಳು ಇಂಥ ದಿನ, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ, ಕುರ್ಲಾ ಮತ್ತು ವಡಾಲದ ನಡುವೆ ಹಳಿಯ ಮೇಲೆ ನೀರು ನಿಂತದ್ದರಿಂದ ಬಂದಾಗಿದ್ದವು. ‘ಟ್ರೇನ್ ಸರ್ವಿಸಸ್ ವೇರ್ ಸಸ್ಪೆಂಡೆಡ್’. ನಾನು ಇಷ್ಟು ಗಂಟೆಗೆ ಮನೆ ಬಿಟ್ಟೆ, ಇಂಥ ನಂಬರಿನ ಬಸ್ಸು ಹಿಡಿದೆ, ಇಷ್ಟು ಗಂಟೆಗೆ ಹಾಜರಾದೆ. ಅಷ್ಟು ಬರೆದು ಆ ದಿನದ ಪತ್ರಿಕೆಯ ತುಂಡನ್ನು ಜತೆಗೆ ಅಂಟಿಸಿದ್ದರೆ ಸಾಹೇಬರು ಹಾರುವ ಮಾತನ್ನು ಎತ್ತುವಂತಿರಲಿಲ್ಲ. ಆ ಪತ್ರಿಕೆ ನಮ್ಮ ವಾಚನಾಲಯದ ಮೇಜಿನ ಮೇಲೆಯೇ ಬಿದ್ದಿತ್ತು.

ಆ ಸದಸ್ಯರು ಈಗಲೂ ಬರುತ್ತಾರೆ. ಕಳೆದ ತಿಂಗಳು ಮಗಳ ಶಾಲೆಯ ಫೀ ರಿಯಾಯಿತಿಗೆ ಅರ್ಜಿ ಬೇಕೆಂದರು. ಮೊದಲು ಇಡೀ ಸಂಗತಿಯನ್ನು ಕನ್ನಡದಲ್ಲಿ ಬರೆಸಿದೆವು: ಪಗಾರ ಎಷ್ಟು, ಬಾಡಿಗೆ ಎಷ್ಟು, ಊರಿಗೆ ಕಳಿಸುವುದು ಎಷ್ಟು, ಮಗಳ ಅಂಕ ಎಷ್ಟು. ಆಮೇಲೆ ಅದನ್ನು ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಿದೆವು. ಕೊನೆಗೆ ಅವರು ಕಾಗದವನ್ನು ಮೇಲಿಂದ ಕೆಳಕ್ಕೆ ನೋಡಿ, ‘ಇದರಲ್ಲಿ ಹರ್ಡಲ್ ಇಲ್ಲ ತಾನೆ?’ ಎಂದು ಕೇಳಿ ಸಹಿ ಹಾಕಿದರು.

ಅರ್ಜಿ ಬರೆಸಲು ಬರುವ ಸದಸ್ಯರು ಇನ್ನು ಮುಂದೆ ಸಂಗತಿಯನ್ನು ಮನೆಯಲ್ಲಿಯೇ ಕನ್ನಡದಲ್ಲಿ, ತಾರೀಖು ಮತ್ತು ಹೊತ್ತಿನ ಸಮೇತ ಬರೆದು ತರಬೇಕೆಂದು ಕೋರಿಕೆ. ಮೇಜಿನ ಬಲಗಡೆಯ ಸೆಳೆಖಾನೆಯಲ್ಲಿ ಬಿಳಿಕಾಗದ ಇಟ್ಟಿದೆ. ‘ಅಡ್ಜಸ್ಟ್’ ಎಂಬ ಶಬ್ದದ ಮೇಲೆ ಬರೆಯಬೇಕೆಂದು ಇಬ್ಬರು ಸದಸ್ಯರು ಕೇಳಿದ್ದಾರೆ. ಅದನ್ನು ಮುಂದಿನ ಸಂಚಿಕೆಗೆ ನೋಡೋಣ.